ಹದಿನಾಲ್ಕು ದಿನದ ವಿಳಾಸ

ಮೇ 3
ಮಹಿಳಾ ಕಾರಾಗೃಹ, ಮೂರನೆಯ ಬ್ಲಾಕ್

ಅಪ್ಪಾ,

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ಬೈಯುತ್ತೇನೆ. ಪೆರೋಲ್ ಮಂಡಳಿಯವರು ಒಪ್ಪಿದರು. ಜುಲೈ 30ಕ್ಕೆ ನನ್ನನ್ನು ಬಿಡುತ್ತಾರೆ.

ಮೇಜಿನ ಆಚೆ ಮೂವರು ಕೂತು ಮುಕ್ಕಾಲು ಗಂಟೆ ಕೇಳಿದರು. ದಂತವೈದ್ಯರ ಔಷಧಿ ಬರೆಯುವ ಚೀಟಿ ಪುಸ್ತಕ ಯಾಕೆ ಕದ್ದೆ, ಎಷ್ಟು ಸಲ ಅವರ ಸಹಿ ಹಾಕಿದೆ, ಮಾತ್ರೆಗಳನ್ನು ನೀನೇ ನುಂಗಿದೆಯಾ, ಮಾರಿದೆಯಾ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕೊನೆಗೆ ನಡುವೆ ಕೂತಿದ್ದ ಹೆಂಗಸು, "ಬಿಟ್ರೆ ಎಲ್ಲಿಗೆ ಹೋಗ್ತೀಯಮ್ಮ?" ಅಂದಳು. "ನಮ್ಮಪ್ಪನ ಮನೆಗೆ" ಅಂದೆ. ಅಷ್ಟು ಹೊತ್ತಿನಲ್ಲಿ ಯೋಚನೆ ಮಾಡದೆ ಉತ್ತರ ಕೊಟ್ಟದ್ದು ಅದೊಂದಕ್ಕೇ.

ಲಾರ್ಚ್ ಬೀದಿಯ ನಮ್ಮ ಮನೆ ವಿಳಾಸ ಬರೆದುಕೊಟ್ಟಿದ್ದೇನೆ. ಟೀಗ್ ಅನ್ನುವ ತನಿಖಾಧಿಕಾರಿ ಬಂದು ನೋಡುತ್ತಾನೆ. ನನಗೆ ಮಲಗಲು ಜಾಗ ಇದೆಯೇ, ಮನೆಯಲ್ಲಿ ಬಂದೂಕು ಇದೆಯೇ, ನಾನು ಬರುವುದು ನಿನಗೆ ಒಪ್ಪಿಗೆಯೇ, ಇಷ್ಟೇ. ಜಿಂಕೆ ಹೊಡೆಯುವ ಬಂದೂಕನ್ನು ಯಾರಿಗಾದರೂ ಕೊಟ್ಟುಬಿಡು. ಹಿಂದಿನ ಕೋಣೆಯಲ್ಲಿರುವ ಅಮ್ಮನ ಹೊಲಿಗೆ ಯಂತ್ರವನ್ನು ಆಚೆ ಇಡು. ವಿಳಾಸ ಒಪ್ಪಿಗೆಯಾಗದಿದ್ದರೆ ಬಿಡುಗಡೆ ಇಲ್ಲವಂತೆ. ಪೂರ್ತಿ ಶಿಕ್ಷೆ ಅನುಭವಿಸಬೇಕು, ಇನ್ನೂ ಎರಡೂವರೆ ವರ್ಷ. ಅಪ್ಪಾ, ನನ್ನ ಕೈಲಿ ಆಗುವುದಿಲ್ಲ. ಮೂರೂವರೆ ವರ್ಷ ಹೇಗೋ ಹಲ್ಲು ಕಚ್ಚಿ ಕಳೆದೆ. ಇನ್ನು ಕಚ್ಚಲು ಹಲ್ಲಿಲ್ಲ.

ಈಗ ಬೈಗುಳ. ಹೋದ ಮೂರು ಪತ್ರಗಳ ಮೇಲೂ ಮನೆ ವಿಳಾಸ ಇಲ್ಲ, ಹ್ಯಾಲೆಟ್ ಊರಿನ ಅಂಚೆ ಕಚೇರಿಯ ಹೆಸರಿದೆ. ಮನೆಯಿಂದ ನಲವತ್ತು ಮೈಲಿ ದೂರದ ಆ ಬೆಟ್ಟದ ಊರಿನಲ್ಲಿ ನಿನಗೇನು ಕೆಲಸ? ಯಾರನ್ನಾದರೂ ಗಂಟು ಹಾಕಿಕೊಂಡಿದ್ದೀಯಾ? ಹಾಗಿದ್ದರೆ ಹೇಳು, ನನಗೇನೂ ಬೇಜಾರಿಲ್ಲ.

ನಿನ್ನ ಮಗಳು,
ಟ್ವೈಲಾ


ಮೇ 19
ಹ್ಯಾಲೆಟ್

ಟ್ವೈಲಾ ಮಗಳೇ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಟ್ರಕ್ಕಿನ ಸ್ಟೀರಿಂಗ್ ಮುಂದೆ ಇಟ್ಟುಕೊಂಡು ದಿನಾ ಓದುತ್ತಿದ್ದೇನೆ. ಉತ್ತರ ನಾಲ್ಕು ಸಲ ಬರೆದೆ, ನಾಲ್ಕೂ ಒಲೆಗೆ ಹೋದವು. ಇದು ಐದನೆಯದು.

ಯಾರನ್ನೂ ಗಂಟು ಹಾಕಿಕೊಂಡಿಲ್ಲ. ಅರವತ್ತೆರಡು ವರ್ಷದ, ಎರಡು ಬೆರಳು ಕಡಿಮೆಯಿರುವ ಮರದ ಮಿಲ್ಲಿನ ಮುದುಕನನ್ನು ಯಾರು ಕಟ್ಟಿಕೊಳ್ಳುತ್ತಾರೆ? ವಿಷಯ ಇಷ್ಟೇ. ಲಾರ್ಚ್ ಬೀದಿಯ ಮನೆ ಈಗ ನಮ್ಮದಲ್ಲ. ನಮ್ಮದು ಯಾವತ್ತೂ ಆಗಿರಲಿಲ್ಲ ಅನ್ನು, ಬಾಡಿಗೆ ಮನೆ. ಹೋದ ಅಕ್ಟೋಬರಿನಲ್ಲಿ ಮಾಲೀಕ ಮಾರಿದ. ಕೊಂಡವರು ಮಂಚ ಬದಲಾಯಿಸಿ, ಗೋಡೆಗೆ ಜಿಂಕೆ ಕೊಂಬು ಹೊಡೆದು, ಹಿಮದಲ್ಲಿ ಜಾರಲು ಬರುವ ಪೇಟೆಯವರಿಗೆ ದಿನಬಾಡಿಗೆಗೆ ಕೊಡುತ್ತಿದ್ದಾರೆ. ನಮ್ಮ ಊರಿನಲ್ಲಿ ಈಗ ಯಾವ ಮನೆಯೂ ತಿಂಗಳ ಬಾಡಿಗೆಗೆ ಸಿಗುವುದಿಲ್ಲ. ನಾನು ಹದಿನಾರು ಅಡಿಯ ಹಳೆಯ ಟ್ರೈಲರ್ ಮನೆಯನ್ನು ಟ್ರಕ್ಕಿಗೆ ಕಟ್ಟಿಕೊಂಡು ಕಾಡು ಸೇರಿದೆ. ಸರ್ಕಾರದ ಕಾಡು, ಯಾರು ಬೇಕಾದರೂ ಪುಕ್ಕಟೆ ಬಿಡಾರ ಹೂಡಬಹುದು. ಅಮ್ಮನ ಹೊಲಿಗೆ ಯಂತ್ರ ನನ್ನ ಜೊತೆಗೇ ಇದೆ.

ನೀನು ಹೆದರಬೇಡ, ನಾನು ಬೇಲಿ ಪಕ್ಕ ಬಿದ್ದುಕೊಂಡಿಲ್ಲ. ಜಾಗ ಹುಡುಕುವುದರಲ್ಲಿ ನಾನೀಗ ಪಂಡಿತ. ಅರಣ್ಯ ಕಚೇರಿಯಲ್ಲಿ ಕೊಡುವ ನಕ್ಷೆ ತೆಗೆದುಕೊಂಡು, ವಾಹನ ಬಿಡುವ ದಾರಿಗಳಿಂದ ಕವಲೊಡೆದ ಸಣ್ಣ ದಾರಿ ನೋಡಬೇಕು. ಟ್ರೈಲರನ್ನು ರಸ್ತೆಯಲ್ಲೇ ಬಿಟ್ಟು ಮೊದಲು ನಡೆದು ಹೋಗಬೇಕು, ತಿರುಗಿಸಲು ಜಾಗ ಇಲ್ಲದಿದ್ದರೆ ಅರ್ಧ ಮೈಲಿ ಹಿಮ್ಮುಖ ಬರಬೇಕಾಗುತ್ತದೆ, ನಾನು ಬಂದಿದ್ದೇನೆ. ಹಿಂದಿನವರು ಬೆಂಕಿ ಹಾಕಿದ ಕಲ್ಲಿನ ಸುತ್ತು ಇದ್ದರೆ ಅಲ್ಲೇ ನಿಲ್ಲಬೇಕು, ಹೊಸದು ಕಟ್ಟಬಾರದು. ತಲೆಯ ಮೇಲೆ ಒಣಗಿದ ಮರ ಇರಬಾರದು. ಹುಲ್ಲುಗಾವಲಿನ ತಗ್ಗಿನಲ್ಲಿ ಚಳಿ ಮಡುಗಟ್ಟುತ್ತದೆ, ಒಂದಾಳೆತ್ತರ ಮೇಲಕ್ಕೆ ನಿಂತರೆ ಬೆಳಗಿನ ಬಿಸಿಲು ಬೇಗ ಬೀಳುತ್ತದೆ. ಇಂಥ ಹತ್ತೊಂಬತ್ತು ಜಾಗ ನನಗೆ ಗೊತ್ತು. ಒಂದಕ್ಕಿಂತ ಒಂದು ಚಂದ.

ತೊಂದರೆ ಒಂದೇ, ಒಂದು ಜಾಗದಲ್ಲಿ ಹದಿನಾಲ್ಕು ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಮತ್ತೆ, ವಾಸ ಮಾಡುತ್ತೇನೆ ಅನ್ನುವಂತಿಲ್ಲ. ಕಾಡಿಗೆ ರಜಾ ಕಳೆಯಲು ಬರಬಹುದು, ಬದುಕಲು ಬರಬಾರದು, ಅದು ಕಾನೂನು. ಇಲ್ಲಿ ಬಿಡಾರ ಹೂಡಿದವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಡುವ ಮೊದಲ ಪಾಠವೇ ಅದು. ಹ್ಯಾಲ್ವರ್ಸನ್ ಅಂತ ಅರಣ್ಯದ ಕಾವಲಿನ ಹೆಣ್ಣುಮಗಳೊಬ್ಬಳಿದ್ದಾಳೆ, ಟ್ರಕ್ಕಿನ ನಂಬರ್ ಬರೆದುಕೊಂಡು ಹೋಗುತ್ತಾಳೆ. ಮೊನ್ನೆ ಕೇಳಿದಳು, "ಪ್ರೂಯಿಟ್ ಅವರೇ, ಇಲ್ಲೇ ವಾಸ ಮಾಡ್ತಿದ್ದೀರಾ?"

"ಇಲ್ಲ ಮೇಡಂ, ರಜಾಕ್ಕೆ ಬಂದಿದ್ದೀನಿ."

"ಅಕ್ಟೋಬರಿಂದ ರಜಾನಾ?"

"ನಾನು ತುಂಬಾ ದುಡಿದಿದ್ದೆ ಮೇಡಂ."

ಅವಳು ನಕ್ಕಳು, ಆದರೂ ಬರೆದುಕೊಂಡಳು.

ನಿನಗೆ ಮೊದಲೇ ಹೇಳಬೇಕಿತ್ತು. ಪತ್ರ ಬರೆಯುವಾಗಲೆಲ್ಲ ಮುಂದಿನ ಸಲ ಹೇಳೋಣ ಅಂದುಕೊಳ್ಳುತ್ತಿದ್ದೆ. ಮಲಗುವಾಗ ಆ ಮನೆಯನ್ನು ನೆನೆಸಿಕೊಳ್ಳುತ್ತೇನೆ ಅಂತ ನೀನು ಒಮ್ಮೆ ಬರೆದಿದ್ದೆಯಲ್ಲ. ಏನಾದರೂ ದಾರಿ ಹುಡುಕುತ್ತೇನೆ.

ನಿನ್ನ ಅಪ್ಪ,
ಎಲ್ಡನ್


ಮೇ 30
ಮೂರನೆಯ ಬ್ಲಾಕ್

ಅಪ್ಪಾ,

ನವೆಂಬರಿನಲ್ಲಿ ನೀನು ಬರೆದ ಪತ್ರ ನನ್ನ ಹತ್ತಿರ ಇದೆ. ಅಡುಗೆಮನೆಯ ನಲ್ಲಿ ಸೋರುತ್ತಿದೆ, ಹೊಸ ವಾಷರ್ ಹಾಕಬೇಕು ಅಂತ ಬರೆದಿದ್ದೀಯ. ಯಾವ ನಲ್ಲಿ? ಜನವರಿಯಲ್ಲಿ ನೀನೇ ಬರೆದೆ, ಪಕ್ಕದ ಮನೆಯವರ ನಾಯಿ ಮತ್ತೆ ನಮ್ಮ ಅಂಗಳ ಅಗೆಯಿತು ಅಂತ. ಯಾವ ಅಂಗಳ? ನಾನು ಆ ನಾಯಿಯ ಕತೆಯನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿ ನಗಿಸಿದ್ದೆ. ನಮ್ಮಿಬ್ಬರಲ್ಲಿ ಸುಳ್ಳು ಹೇಳುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಕಾಡಿನ ಚಂದ ನನಗೆ ಬರೆಯಬೇಡ. ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆ ಅನ್ನುವುದನ್ನು ಟೀಗ್ ಫಾರಂನಲ್ಲಿ ತುಂಬುವುದಿಲ್ಲ. ಕೇಳಿ ನೋಡಿದೆ. ರಸ್ತೆ ಹೆಸರು, ಮನೆ ನಂಬರ್ ಇರಬೇಕು, ನೀರು, ವಿದ್ಯುತ್ ಇರಬೇಕು, ಹೋದ ವಾರ ಇದ್ದ ಕಡೆ ಈ ವಾರವೂ ಇರಬೇಕು. ಟ್ರೈಲರ್ ಆದರೂ ನಡೆಯುತ್ತದಂತೆ, ಖಾಸಗಿ ಜಮೀನಿನಲ್ಲಿ ನಿಂತಿರಬೇಕು. ಹೊಸ ವಿಳಾಸ ಕೊಡಲು ಜುಲೈ ಒಂದರ ತನಕ ಸಮಯ ಕೊಟ್ಟಿದ್ದಾರೆ.

ಯಾರನ್ನಾದರೂ ಕೇಳು ಅಪ್ಪಾ. ನಿನಗೆ ಕೇಳಿ ಅಭ್ಯಾಸವಿಲ್ಲ ಅಂತ ಗೊತ್ತು. ಈ ಒಂದು ಸಲ ಕಾಲು ಹಿಡಿ. ನಾನು ಇಲ್ಲಿ ಎಷ್ಟು ಜನರ ಕಾಲು ಹಿಡಿದಿದ್ದೇನೆ ಅಂತ ಹೇಳಿದರೆ ನಿನಗೆ ಊಟ ಸೇರುವುದಿಲ್ಲ.

ಟ್ವೈಲಾ


ಜೂನ್ 24
ಹ್ಯಾಲೆಟ್

ಟ್ವೈಲಾ,

ಕೇಳಿದೆ. ಮೊದಲು ನಿನ್ನ ಚಿಕ್ಕಪ್ಪನನ್ನು ಕೇಳಿದೆ. ಬಾಗಿಲಲ್ಲೇ ನಿಂತು, "ಅಣ್ಣಾ, ನೀನು ಬಂದಿರು, ಬೇಡ ಅನ್ನಲ್ಲ. ಅವಳು ಬೇಡ. ನನ್ನ ಹೆಂಡ್ತಿ ಒಪ್ಪಲ್ಲ" ಅಂದ. ಅವನ ಹೆಂಡತಿ ಹಿಂದೆಯೇ ನಿಂತಿದ್ದಳು, ಅವಳ ಮುಖ ನೋಡಿದರೆ ಅವಳನ್ನು ಯಾರೂ ಕೇಳಿದಂತಿರಲಿಲ್ಲ. ಚರ್ಚಿನವರನ್ನು ಕೇಳಿದೆ. ಪ್ರಾರ್ಥನೆ ಮಾಡುತ್ತೇವೆ ಅಂದರು. ಮಾಡಲಿ. ಮಿಲ್ಲಿನಲ್ಲಿ ನನ್ನ ಪಕ್ಕ ಇಪ್ಪತ್ತು ವರ್ಷ ಗರಗಸ ಹಿಡಿದವನನ್ನು ಕೇಳಲು ಹೋದರೆ ಅವನೂ ಟ್ರೈಲರ್‌ನಲ್ಲಿದ್ದಾನೆ, ನಾನು ಬಿಟ್ಟು ಬಂದ ಹಳ್ಳದ ಪಕ್ಕದ ಜಾಗದಲ್ಲಿ. ಇಬ್ಬರೂ ಕಾಫಿ ಕುಡಿದೆವು. "ಬೇಸಗೆ ರಜಾ ಹೆಂಗಿದೆ ಎಲ್ಡನ್?" ಅಂದ. "ಮುಗೀತಾನೇ ಇಲ್ಲ" ಅಂದೆ.

ಈ ತಿಂಗಳು ಕಾಡೂ ಕೈಕೊಟ್ಟಿತು. ಬೆಂಕಿಯ ಭಯಕ್ಕೆ ಮೇಲಿನ ದಾರಿಗಳಿಗೆಲ್ಲ ಗೇಟ್ ಹಾಕಿದರು, ನನ್ನ ಹತ್ತೊಂಬತ್ತರಲ್ಲಿ ಹದಿಮೂರು ಹೋದವು. ಉಳಿದ ಆರಕ್ಕೆ ಇಡೀ ಜಿಲ್ಲೆಯ ಟ್ರೈಲರ್‌ಗಳು ನುಗ್ಗಿದವು. ಒಂದು ದಿನ ಬೆಳಗಿನಿಂದ ಸಂಜೆವರೆಗೆ ಟ್ರೈಲರ್ ಎಳೆದುಕೊಂಡು ಸುತ್ತಿದೆ, ನಿಲ್ಲಲು ಜಾಗ ಸಿಗಲಿಲ್ಲ. ಒಂದು ಕವಲು ದಾರಿಯಲ್ಲಿ ನಡೆದು ನೋಡದೆ ನುಗ್ಗಿ ಸಿಕ್ಕಿಹಾಕಿಕೊಂಡೆ. ಇಂಜಿನ್ ಆರಿಸಿ ಕೂತು ಅತ್ತೆ, ಟ್ವೈಲಾ. ನಿನ್ನ ಅಮ್ಮ ಹೋದಾಗಲೂ ಹಾಗೆ ಅತ್ತಿರಲಿಲ್ಲ.

ಆ ದಾರಿಯ ತುದಿಯಲ್ಲಿ ಒಂದು ಹುಲ್ಲುಗಾವಲು. ಬೇಲಿಯ ಆಚೆಯಿಂದ ಒಬ್ಬ ಹೆಂಗಸು ನೋಡುತ್ತಿದ್ದಳು. ನೇಡೀನ್ ಕೆಸ್ಲರ್ ಅಂತ, ಕುದುರೆ ಸಾಕುತ್ತಾಳೆ, ಗಂಡ ತೀರಿಕೊಂಡಿದ್ದಾನೆ. ಟ್ರ್ಯಾಕ್ಟರ್ ತಂದು ನನ್ನ ಟ್ರೈಲರನ್ನು ಹಿಂದಕ್ಕೆ ಎಳೆದುಕೊಟ್ಟಳು. ಎಳೆದಾದ ಮೇಲೆ, ಟ್ರೈಲರ್ ನಿಲ್ಲಿಸಲು ಜಾಗ ಕೊಡುತ್ತೀರಾ ಅಂತ ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ. "ಬೇಲಿ ರಿಪೇರಿ ಬರುತ್ತಾ?" ಅಂದಳು. ಬರುತ್ತೆ ಅಂದೆ. "ಸರಿ, ಕೊಟ್ಟಿಗೆ ಹಿಂದೆ ನಿಲ್ಲಿಸ್ಕೊ. ಕುಡಿದು ಬಂದ್ರೆ ಮಾತ್ರ ಆಚೆ ಹಾಕ್ತೀನಿ." ಅಷ್ಟೇ ಮಾತು.

ವಿಳಾಸ ಬರೆದುಕೋ: 418, ಎಲ್ಕ್ ಫೋರ್ಕ್ ರಸ್ತೆ. ಕೊಟ್ಟಿಗೆಯಿಂದ ವಿದ್ಯುತ್ ತಂತಿ ಎಳೆದಿದ್ದೇನೆ, ನೀರಿನ ಪಂಪ್ ಪಕ್ಕದಲ್ಲೇ ಇದೆ. ಟ್ರೈಲರಿನ ಹಿಂದಿನ ಮಂಚ ನಿನಗೆ, ಪರದೆ ಹೊಲಿದು ಹಾಕಿದ್ದೇನೆ. ಹೊಲಿಗೆ ಸೊಟ್ಟಗಿದೆ, ನಗಬೇಡ. ಬಂದೂಕನ್ನು ನಿನ್ನ ಚಿಕ್ಕಪ್ಪನಿಗೆ ಕೊಟ್ಟೆ. ಅದನ್ನು ಮಾತ್ರ ಸಂತೋಷವಾಗಿ ಒಳಗೆ ಕರೆದುಕೊಂಡ.

ಅಪ್ಪ


ಜುಲೈ 2
ಮೂರನೆಯ ಬ್ಲಾಕ್

ಅಪ್ಪಾ, ನನ್ನ ಬಂಗಾರದ ಅಪ್ಪಾ,

ಒಂದು ದಿನ ಉಳಿದಿರುವಾಗ ವಿಳಾಸ ಕೊಟ್ಟೆ. ತೆಗೆದುಕೊಂಡರು. ಟೀಗ್ 14ರಿಂದ 18ರ ಒಳಗೆ ಬರುತ್ತಾನೆ. ಯಾವ ದಿನ ಅಂತ ಹೇಳುವುದಿಲ್ಲ, ಅದು ಅವರ ಪದ್ಧತಿ. ದಯವಿಟ್ಟು ಆ ಐದು ದಿನ ಎಲ್ಲಿಗೂ ಹೋಗಬೇಡ. ಗಡ್ಡ ತೆಗೆ. ಅವನ ಮುಂದೆ ತಮಾಷೆ ಮಾಡಬೇಡ, ನಿನ್ನ ತಮಾಷೆ ಹೊಸಬರಿಗೆ ಅರ್ಥ ಆಗುವುದಿಲ್ಲ.

ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆ ಪರದೆ ಯಾವ ಬಣ್ಣದ್ದು ಬರೆ. ರಾತ್ರಿ ಲೈಟ್ ಆರಿಸಿದ ಮೇಲೆ ಯೋಚನೆ ಮಾಡಲು ಏನಾದರೂ ಬೇಕು.

ಟ್ವೈಲಾ


ಜುಲೈ 17
418, ಎಲ್ಕ್ ಫೋರ್ಕ್ ರಸ್ತೆ

ಟ್ವೈಲಾ,

ಪರದೆ ನೀಲಿ.

ಟೀಗ್ ನಿನ್ನೆ ಬಂದಿದ್ದ. ಮೂರು ದಿನದಿಂದ ಗಡ್ಡ ತೆಗೆದು, ಇಸ್ತ್ರಿ ಅಂಗಿ ಹಾಕಿಕೊಂಡು ನೇಡೀನ್ ಮನೆಯ ಮುಂಬಾಗಿಲ ಕಡೆಯೇ ಕಣ್ಣಿಟ್ಟು ಕೂತಿದ್ದೆ. ಅವನು ಮುಂಬಾಗಿಲಿಗೆ ಬರಲಿಲ್ಲ. ಅವನ ಫೋನಿನ ನಕ್ಷೆ ಅವನನ್ನು ಹಿಂದಿನಿಂದ, ಕಾಡಿನ ದಾರಿಯಲ್ಲಿ ಕರೆತಂದಿತು. ಬೆಳಿಗ್ಗೆ ನಾನು ಪಂಪ್ ಓಡಿಸಿ ಬಕೆಟ್ ತುಂಬುತ್ತಿದ್ದೆ. ತಿರುಗಿ ನೋಡಿದರೆ ಕಾಡಿನ ಕಡೆಯಿಂದ ಬಿಳಿ ಪಿಕಪ್, ಖಾಕಿ ಅಂಗಿ, ಸೊಂಟದಲ್ಲಿ ಬ್ಯಾಡ್ಜ್, ಕೈಯಲ್ಲಿ ಬರೆಯುವ ಹಲಗೆ. ಹೆಸರು ಹೇಳಿದನಂತೆ. ನನ್ನ ತಲೆಗೆ ಹೋಗಲಿಲ್ಲ, ಬ್ಯಾಡ್ಜ್ ಮಾತ್ರ ಕಂಡಿತು.

"ಇಲ್ಲೇ ವಾಸ ಮಾಡ್ತಿದ್ದೀರಾ ಸಾರ್?" ಅಂದ.

"ಇಲ್ಲ ಸಾರ್, ಸುಮ್ನೆ ತಂಗಿದ್ದೀನಿ. ಗುರುವಾರ ಹೊರಟೋಗ್ತೀನಿ" ಅಂದೆ.

ನಾನು ಹೇಳಲಿಲ್ಲ ಮಗಳೇ, ಬಾಯಿ ಹೇಳಿತು. ಒಂಬತ್ತು ತಿಂಗಳು ಖಾಕಿ ಕಂಡಾಗಲೆಲ್ಲ ಹೇಳಿದ ಮಾತು. ಅವನು ಬರೆದುಕೊಂಡ. ಆಮೇಲೆ ಕಾಗದ ತಿರುಗಿಸಿ, "ಟ್ವೈಲಾ ಪ್ರೂಯಿಟ್ ಅವರ ಪೆರೋಲ್ ವಿಷಯಕ್ಕೆ ಬಂದಿದ್ದೆ" ಅಂದ. ಆಗ ನನ್ನ ಕೈಯಿಂದ ಬಕೆಟ್ ಬಿತ್ತು.

ಎಲ್ಲವನ್ನೂ ಬಿಡಿಸಿ ಹೇಳಿದೆ. ಟ್ರೈಲರ್ ಒಳಗೆ ಕರೆದು ನಿನ್ನ ಮಂಚ ತೋರಿಸಿದೆ. "ನಿಮ್ಮನ್ನ ಅರಣ್ಯದವರು ಅಂದ್ಕೊಂಡೆ ಸಾರ್, ಅದಕ್ಕೆ ಹಾಗಂದೆ" ಅಂದೆ. ಅವನು ಕೆಟ್ಟವನಲ್ಲ, ನಿಧಾನವಾಗಿ ಕೇಳಿದ, "ಅಂದ್ರೆ ಅರಣ್ಯದವರಿಗೆ ಸುಳ್ಳು ಹೇಳೋದು ವಾಡಿಕೆನಾ?" ಹೌದು ಅಂದರೂ ಕೆಟ್ಟೆ, ಇಲ್ಲ ಅಂದರೂ ಕೆಟ್ಟೆ. ನೇಡೀನ್ ಕುದುರೆ ಲಾಳಕ್ಕೆ ಪೇಟೆಗೆ ಹೋಗಿದ್ದಳು, ನನ್ನ ಪರ ಹೇಳುವವರು ಒಬ್ಬರೂ ಇರಲಿಲ್ಲ. ಹೋಗುವಾಗ ಕೈಕುಲುಕಿದ. "ನೀವು ಹೇಳಿದ ಎರಡನ್ನೂ ಬರೀತೀನಿ ಸಾರ್. ಯಾವುದು ನಿಜ ಅಂತ ಮಂಡಳಿ ನೋಡುತ್ತೆ" ಅಂದ.

ಇವತ್ತು ನೇಡೀನ್ ತಾನೇ ಒಂದು ಪತ್ರ ಬರೆದು ಮಂಡಳಿಗೆ ಕಳಿಸಿದಳು. ಇನ್ನೂ ಎರಡು ವಾರ ಇದೆ. ಏನಾದರೂ ಆಗಬಹುದು.

ಅಪ್ಪ


ಆಗಸ್ಟ್ 11
418, ಎಲ್ಕ್ ಫೋರ್ಕ್ ರಸ್ತೆ

ಟ್ವೈಲಾ,

30ನೆಯ ತಾರೀಕು ಟ್ರಕ್ ತೊಳೆದು ಬೆಳಿಗ್ಗೆಯೇ ಬಂದು ನಿಮ್ಮ ಜೈಲಿನ ಗೇಟಿನ ಹತ್ತಿರ ನಿಂತಿದ್ದೆ. ಯಾರೂ ಏನೂ ತಿಳಿಸಿರಲಿಲ್ಲವಲ್ಲ, ಬಿಟ್ಟರೂ ಬಿಡಬಹುದು ಅಂತ. ಇಬ್ಬರು ಹೆಂಗಸರು ಆಚೆ ಬಂದರು. ಮಧ್ಯಾಹ್ನ ಕಾವಲುಗಾರ ಬಂದು ಪಟ್ಟಿ ನೋಡಿ, ನಿನ್ನ ಹೆಸರು ಇಲ್ಲ, ಇಲ್ಲಿ ನಿಲ್ಲಬಾರದು ಅಂದ.

ಪೆರೋಲ್ ಕಚೇರಿಗೆ ನೂರ ಮೂವತ್ತು ಮೈಲಿ ಹೋದೆ. ವಿಳಾಸ ಒಪ್ಪಿಗೆಯಾಗಲಿಲ್ಲ, ಆದರೂ ಮಾರ್ಚಿನಲ್ಲಿ ಇನ್ನೊಂದು ವಿಚಾರಣೆ ಇದೆ ಅಂದರು. ಅಲ್ಲಿಯವರೆಗೆ ಇದೇ ವಿಳಾಸದಲ್ಲಿ ಬಿಡದೆ ಇದ್ದರೆ ಮತ್ತೆ ನೋಡಬಹುದಂತೆ.

ನಿನ್ನಿಂದ ಐದು ವಾರದಿಂದ ಒಂದು ಸಾಲೂ ಇಲ್ಲ. ಬೈದಾದರೂ ಬರೆ. ಖಾಲಿ ಕಾಗದ ಕಳಿಸಿದರೂ ಸರಿ.

ಅಪ್ಪ


ಸೆಪ್ಟೆಂಬರ್ 4
ಮೂರನೆಯ ಬ್ಲಾಕ್

ಅಪ್ಪಾ,

ಬೈಯಲು ಶಕ್ತಿ ಇರಲಿಲ್ಲ, ಅದಕ್ಕೇ ಬರೆಯಲಿಲ್ಲ. ನಿನ್ನ ಜುಲೈ ಪತ್ರ ಓದಿದ ದಿನ ನಗು ಬಂತು, ನಿಜ. ಪಕ್ಕದವಳಿಗೆ ಹೇಳಿದೆ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಮ್ಮಪ್ಪ ಇಂಥವನೇ ಅಂದೆ. ಆ ನಗು ನಿಂತ ಮೇಲೆ ಊಟಕ್ಕೆ ಏಳಲಾಗಲಿಲ್ಲ. ಮೂರು ವಾರ ಹಾಗೇ ಇದ್ದೆ. ಆದರೆ ನಿನ್ನ ಮೇಲೆ ಕೋಪ ಇರಲಿಲ್ಲ. ಅಭ್ಯಾಸಬಲದಿಂದ ಬಾಯಿಗೆ ಬಂದ ಮಾತು, ಪಾಪ, ಅಂದುಕೊಂಡೆ.

ಹೋದ ವಾರ ಟೀಗ್ ವರದಿಯ ಪ್ರತಿ ಕೇಳಿದೆ. ಕೊಟ್ಟರು. ನೀನು ಬಕೆಟ್ ಬೀಳಿಸುವುದಕ್ಕೆ ಮೊದಲು ಅವನು ಒಂದಲ್ಲ, ಮೂರು ಪ್ರಶ್ನೆ ಕೇಳಿದ್ದಾನೆ. ಇಲ್ಲೇ ವಾಸವೇ ಅನ್ನುವುದು ಮೊದಲನೆಯದು. ಅದನ್ನು ನೀನು ಬರೆದಿದ್ದೀಯ. ಎರಡನೆಯದು, ಜೊತೆಗೆ ಇರಲು ಯಾರಾದರೂ ಬರುವವರಿದ್ದಾರೆಯೇ. "ಯಾರೂ ಇಲ್ಲ, ಒಂಟಿ ಮನುಷ್ಯ" ಅಂದಿದ್ದೀಯ. ಮೂರನೆಯದು, ಮಕ್ಕಳು ಯಾರಾದರೂ? "ನನಗೆ ಮಕ್ಕಳಿಲ್ಲ" ಅಂದಿದ್ದೀಯ. ಅವನು ಉದ್ಧರಣ ಚಿಹ್ನೆ ಹಾಕಿ ಬರೆದಿದ್ದಾನೆ. ಮಂಡಳಿಯವರು ಅದರ ಕೆಳಗೆ ಗೆರೆ ಎಳೆದಿದ್ದಾರೆ.

ವಾಸ ಮಾಡುತ್ತಿಲ್ಲ ಅನ್ನುವುದು ಕಾನೂನಿಗೆ ಹೆದರಿ ಹೇಳುವ ಮಾತು. ಮಕ್ಕಳಿಲ್ಲ ಅನ್ನು ಅಂತ ಯಾವ ಕಾನೂನು ಹೇಳುತ್ತದೆ? ನಾನು ಇಲ್ಲಿ ಆ ಮೂವರ ಮುಂದೆ ನಿನ್ನ ಹೆಸರು ಹೇಳಿದಾಗ ಯೋಚಿಸಿರಲಿಲ್ಲ. ನೀನೂ ಯೋಚಿಸಲಿಲ್ಲ.

ಒಂದೇ ಒಂದು ಕೇಳುತ್ತೇನೆ. ಅವನು ಹಾಗೆ ಕೇಳಿದಾಗ ನನ್ನ ನೆನಪು ಬಂತೇ? ನನಗೆ ಸಮಾಧಾನ ಆಗುವಂಥದ್ದನ್ನು ಬರೆಯಬೇಡ. ನಲ್ಲಿ ಸೋರಿದ್ದು, ನಾಯಿ ಅಗೆದದ್ದು ಸಾಕು.

ಟ್ವೈಲಾ


ಅಕ್ಟೋಬರ್ 2
418, ಎಲ್ಕ್ ಫೋರ್ಕ್ ರಸ್ತೆ

ಟ್ವೈಲಾ,

ಬರಲಿಲ್ಲ.

ನಿಜ ಕೇಳಿದೆ, ಹೇಳುತ್ತಿದ್ದೇನೆ. ಆ ಗಳಿಗೆಯಲ್ಲಿ ನಿನ್ನ ನೆನಪು ಬರಲಿಲ್ಲ. ಅದು ಅವತ್ತೊಂದು ದಿನದ ಮಾತಲ್ಲ. ನಿನ್ನನ್ನು ಕರೆದುಕೊಂಡು ಹೋದ ಮೊದಲ ವರ್ಷದಿಂದಲೇ ಹೊಸಬರು ಯಾರು ಕೇಳಿದರೂ ಮಕ್ಕಳಿಲ್ಲ ಅನ್ನುತ್ತಿದ್ದೆ. ಒಬ್ಬ ಮಗಳಿದ್ದಾಳೆ ಅಂದರೆ ಎಲ್ಲಿದ್ದಾಳೆ ಅಂತ ಕೇಳುತ್ತಾರೆ. ಬೆಂಕಿಯ ಸುತ್ತ ಕೂತಾಗ ಎಲ್ಲರೂ ಮಕ್ಕಳ ವಿಷಯ ತೆಗೆಯುತ್ತಾರೆ, ನಾನು ಸೌದೆ ತರಲು ಏಳುತ್ತಿದ್ದೆ. ಹೇಳಿ ಹೇಳಿ ಅದು ಎಷ್ಟು ಸಲೀಸಾಯಿತು ಅಂದರೆ, ಹೇಳುವಾಗ ನೋಯುವುದೂ ನಿಂತಿತ್ತು. ಮನೆ ಹೋದದ್ದಕ್ಕಿಂತ ಇದು ಕೆಟ್ಟದ್ದು. ನಿನಗೆ ಬರೆದ ಪತ್ರದಲ್ಲಿ ಅದನ್ನು ಬಿಟ್ಟದ್ದು ಮರೆತಲ್ಲ, ಬೇಕೆಂದೇ ಬಿಟ್ಟೆ.

ನನ್ನನ್ನು ಕ್ಷಮಿಸು ಅಂತ ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಲೇಬೇಕಾಗುತ್ತದೆ, ಬೇರೆ ಯಾರಿದ್ದಾರೆ ನಿನಗೆ.

ನಿನ್ನ ಪತ್ರ ಬಂದ ಮರುದಿನ ನೇಡೀನ್‌ಗೆ ಎಲ್ಲ ಹೇಳಿದೆ. ಜೈಲಿನಿಂದ ಮಗಳು ಬರುತ್ತಾಳೆ ಅಂತ ಮಾತ್ರ ಹೇಳಿದ್ದೆ, ನೀನು ಯಾಕೆ ಒಳಗೆ ಹೋದೆ, ನಾನು ಟೀಗ್‌ಗೆ ಏನೆಲ್ಲ ಹೇಳಿದೆ ಅಂತ ಹೇಳಿರಲಿಲ್ಲ. ಅರಣ್ಯದ ಕಾವಲಿನ ಹ್ಯಾಲ್ವರ್ಸನ್ ಕಾಡಿನ ದಾರಿಯಲ್ಲಿ ಸಿಕ್ಕಳು, ಅವಳ ಪಿಕಪ್ ನಿಲ್ಲಿಸಿ ಅವಳಿಗೂ ಹೇಳಿದೆ. ಕೇಳದಿದ್ದರೂ ಹೇಳಿದೆ. ಆಮೇಲೆ ಅಂಚೆ ಕಚೇರಿಗೆ ಹೋಗಿ ಕೌಂಟರಿನ ಮುದುಕಿಗೆ, "ನನಗೊಬ್ಬ ಮಗಳಿದ್ದಾಳೆ. ಟ್ವೈಲಾ ಅಂತ. ಜೈಲಿನಲ್ಲಿದ್ದಾಳೆ" ಅಂದೆ. ಹಿಂದೆ ನಾಲ್ಕು ಜನ ಸಾಲಿನಲ್ಲಿದ್ದರು.

ಅವಳು ಕನ್ನಡಕದ ಮೇಲಿಂದ ನೋಡಿದಳು. "ಪ್ರೂಯಿಟ್ ಅವರೇ, ಜೈಲಿನಿಂದ ಬರೋ ಪ್ರತಿ ಪತ್ರದ ಮೇಲೂ ಕೆಂಪು ಮುದ್ರೆ ಇರುತ್ತೆ. ಎಷ್ಟೋ ತಿಂಗಳಿಂದ ನಾನೇ ಅಲ್ವಾ ನಿಮ್ಮ ಕೈಗೆ ಕೊಡ್ತಿರೋದು. ಊರಿಗೆಲ್ಲ ಗೊತ್ತು" ಅಂದಳು. ಆಮೇಲೆ, "ಯಾವಾಗ ಬರ್ತಾಳೆ ಹುಡುಗಿ?" ಅಂತ ಕೇಳಿದಳು. ಸಾಲಿನಲ್ಲಿದ್ದವರು ಯಾರೂ ಮುಖ ತಿರುಗಿಸಲಿಲ್ಲ. ನಾನು ಯಾರಿಂದ ಬಚ್ಚಿಡುತ್ತಿದ್ದೆ ಟ್ವೈಲಾ? ಇದನ್ನು ತಿಳಿಯಲು ನಿನ್ನ ಎಂಟು ತಿಂಗಳು ಹೋಯಿತು.

ನಿನ್ನೆ ಮೊದಲ ಹಿಮ ಬಿತ್ತು. ಕಾಡಿನಲ್ಲಿದ್ದವರೆಲ್ಲ ದಕ್ಷಿಣದ ಮರಳುಗಾಡಿಗೆ ಹೊರಟರು, ನನ್ನನ್ನೂ ಕರೆದರು. ಈ ಟ್ರೈಲರ್ ಇಲ್ಲಿನ ಜನವರಿಗೆ ಮಾಡಿದ್ದಲ್ಲ, ಗೋಡೆ ಎರಡು ಬೆರಳು ದಪ್ಪ ಇಲ್ಲ. ನೇಡೀನ್ ಹುಲ್ಲಿನ ಪಿಂಡಿಗಳನ್ನು ಸುತ್ತಲೂ ಪೇರಿಸಲು ಕೊಟ್ಟಿದ್ದಾಳೆ. ಇವತ್ತು ಟ್ರೈಲರಿನ ಚಕ್ರಗಳನ್ನು ಬಿಚ್ಚಿ, ಕೆಳಗೆ ಮರದ ದಿಮ್ಮಿ ಇಟ್ಟೆ. ಚಕ್ರಗಳನ್ನು ಮಿಲ್ಲಿನ ಗೆಳೆಯನಿಗೆ ಕೊಟ್ಟುಬಿಟ್ಟೆ, ಅವನವು ಸವೆದಿದ್ದವು.

ಉತ್ತರ ಬರೆಯಬೇಕು ಅನ್ನಿಸಿದರೆ ಬರೆ. ಅನ್ನಿಸದಿದ್ದರೆ ನಾನು ಬರೆಯುತ್ತಿರುತ್ತೇನೆ.

ಟ್ವೈಲಾಳ ಅಪ್ಪ,
ಎಲ್ಡನ್ ಪ್ರೂಯಿಟ್